ಮುನ್ನೂರ ನಾಲ್ಕನೇ ಪುಟದ ಮೌನ

ಹೊಸನಗರದ ಮೇಷ್ಟರು ಇನ್ನು ಮುಂದೆ ಯಾವ ಪುಸ್ತಕದ ಬಗ್ಗೆಯೂ ಒಂದಕ್ಷರ ಬರೆಯುವುದಿಲ್ಲ ಎಂದು ತೀರ್ಮಾನಿಸಿದ್ದು ನವೆಂಬರ್ ಹದಿಮೂರರಂದು. ಅದಕ್ಕೆ ಕಾರಣ ನಾನೇ ಎಂದು ನನಗೆ ಗೊತ್ತಾದದ್ದು ಡಿಸೆಂಬರ್ ಹದಿನೆಂಟರಂದು. ನಡುವಿನ ಮೂವತ್ತೈದು ದಿನಗಳಲ್ಲಿ ನಾನು ಅವರಿಗೆ ಓದುವುದು ಹೇಗೆಂದು ಕಲಿಸಲು ಹೊರಟಿದ್ದೆ. ಡೈರಿಯಲ್ಲಿ ಅದೂ ಇದೆ. ನಾಲ್ಕು ವರ್ಷವಾದ ಮೇಲೆ ಈಗ ತೆಗೆದು ನೋಡಿದರೆ ಆ ಪುಟಗಳ ಅಕ್ಷರ ಮಿಕ್ಕವಕ್ಕಿಂತ ದುಂಡಗಿದೆ. ಗರ್ವ ಬಂದಾಗ ನನ್ನ ಕೈಬರಹ ಚೆನ್ನಾಗುತ್ತದೆ.

ನಾವು ಮೂವರು ಓದುಗರು. ನಾನು ಸಾಗರದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅಣೆಕಟ್ಟಿನಿಂದ ಮುಳುಗಡೆಯಾದ ಊರುಗಳಿಂದ ಬಂದ ಮಕ್ಕಳೂ ಸೇರಿ ನನ್ನ ತರಗತಿಯಲ್ಲಿ ಅರವತ್ತೊಂದು ತಲೆ. ಮೇಷ್ಟರು ಹೊಸನಗರದವರು, ಐವತ್ತು ದಾಟಿದವರು. ಶಿಕ್ಷಕರ ಬೇಸಿಗೆ ಶಿಬಿರಕ್ಕೆ ಸಾಗರಕ್ಕೆ ಬಂದಾಗ, ನಾನು ಓದಿದ ಪುಸ್ತಕಗಳ ಪಟ್ಟಿ ನೋಡಿ, "ಇಂಥದ್ದೇ ಒಂದು ನನ್ನ ಹತ್ರಾನೂ ಇದೆ. ಅದಲುಬದಲು ಮಾಡ್ಕೊಳ್ಳೋಣ್ವಾ?" ಎಂದು ಕೇಳಿದವರು. ಮೂರನೆಯವರು ಅವರ ಬಾಲ್ಯದ ಗೆಳೆಯ, ತೀರ್ಥಹಳ್ಳಿಯಲ್ಲಿ ಡಾಕ್ಟರೊಬ್ಬರ ಬಳಿ ಕಂಪೌಂಡರು.

ಇನ್ನೂರು ಪುಟದ ಒಂದು ನೋಟುಬುಕ್ಕು ಮೂರೂ ಊರು ಸುತ್ತುತ್ತಿತ್ತು. ಒಂದನೇ ತಾರೀಕು ನಾನು ಹಿಂದಿನ ತಿಂಗಳು ಓದಿದ್ದನ್ನೆಲ್ಲ ಬರೆದು ಬಸ್ಸಿಗೆ ಕೊಡುತ್ತಿದ್ದೆ. ಹತ್ತು ಹದಿನೈದರೊಳಗೆ ಹೊಸನಗರ ತನ್ನ ಪಟ್ಟಿ ಬರೆದು ತೀರ್ಥಹಳ್ಳಿಗೆ ಸಾಗಿಸಬೇಕು. ತೀರ್ಥಹಳ್ಳಿ ತಿಂಗಳ ಕೊನೆಗೆ ನನಗೆ ವಾಪಸು ಮಾಡಬೇಕು. ನೋಟುಬುಕ್ಕಿನಲ್ಲಿ ನಾವು ಒಬ್ಬರನ್ನೊಬ್ಬರು ಊರಿನಿಂದಲೇ ಕರೆಯುತ್ತಿದ್ದೆವು. "ಸಾಗರದ ಮಾತು ಒಪ್ಪತಕ್ಕದ್ದೇ", "ತೀರ್ಥಹಳ್ಳಿಗೆ ಈ ತಿಂಗಳು ಪಿತ್ತ ಕೆರಳಿದಂತಿದೆ" ಎಂಬಂತೆ.

ಮೊದಲ ಪುಟದಲ್ಲಿ ಮೂರು ನಿಯಮ ಬರೆದಿತ್ತು. ಓದದ ಪುಸ್ತಕ ಪಟ್ಟಿಗೆ ಸೇರಕೂಡದು. ಅಭಿಪ್ರಾಯ ಎಂಟು ಸಾಲು ಮೀರಕೂಡದು. ಕೊನೆ ಹೇಳಕೂಡದು. ಮೂರನೆಯದು ಸೇರಿದ್ದು ಕಂಪೌಂಡರಿಂದಾಗಿ. ಒಂದು ಪತ್ತೇದಾರಿ ಕಾದಂಬರಿಯ ಕೊಲೆಗಾರ ಅಡುಗೆಯವನೇ ಎಂದು ಅವರು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದರು. ಮೇಷ್ಟರು ಆಗ ಆ ಪುಸ್ತಕದ ಅರವತ್ತನೇ ಪುಟದಲ್ಲಿದ್ದರು. ಎರಡು ತಿಂಗಳು ಗೆಳೆಯರ ನಡುವೆ ಮಾತಿರಲಿಲ್ಲ. ಅಲ್ಲಿಂದ ಮುಂದೆ ಯಾವ ಕಾದಂಬರಿಯ ಕೊನೆಯನ್ನಾದರೂ ನಾವು ಮೆಚ್ಚಬೇಕಾದರೆ, ತೆಗಳಬೇಕಾದರೆ, ದೂರದಿಂದಲೇ ಕೈತೋರಿಸಿ ಬರೆಯುತ್ತಿದ್ದೆವು.

ಕಾಲಂಗಳನ್ನು ಎಳೆದದ್ದು ನಾನು. ಶುರುಮಾಡಿದ ದಿನ, ಮುಗಿಸಿದ ದಿನ, ಪುಟ, ಹತ್ತಕ್ಕೆ ಅಂಕ. ಪುಟದ ಕಾಲಂ ಕಂಡು ಕಂಪೌಂಡರು ಅಂಚಿನಲ್ಲಿ, "ಪುಟ ಎಣಿಸೂದು ಎಂತಕ್ಕೆ ಮಾರಾಯ್ತಿ, ಅಡಿಕೆ ಮಂಡಿಗೆ ಹಾಕ್ತೀಯಾ?" ಎಂದು ಬರೆದಿದ್ದರು. ನನ್ನ ಅಮ್ಮ ಇದನ್ನು ಓದಿಸಿಕೊಂಡು ಕೇಳಿ, ಆ ಕಂಪೌಂಡರು ಬುದ್ಧಿವಂತರು ಎಂದಳು. "ಇವ್ಳಿಗೆ ಅಕ್ಕಿ ಆರಿಸೋಕೆ ಕೊಟ್ರೆ ಕಲ್ಲೆಷ್ಟು ಸಿಕ್ತು ಅಂತ ಬರ್ದಿಡ್ತಾಳೆ. ಅನ್ನ ಆಗೋದು ಯಾವಾಗ?"

ನೋಟುಬುಕ್ಕು ಸಾಗಿಸುತ್ತಿದ್ದ ಬಸ್ಸಿನ ಕಂಡಕ್ಟರರು ನಮ್ಮ ಪಟ್ಟಿಯ ನಾಲ್ಕನೇ ಓದುಗರು. ಅವರು ಪುಸ್ತಕ ಓದುತ್ತಿರಲಿಲ್ಲ, ಅಭಿಪ್ರಾಯ ಮಾತ್ರ ಓದುತ್ತಿದ್ದರು. ಬಸ್ಸು ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರಿನಲ್ಲಿ ಕಾಫಿಗೆ ನಿಂತಾಗ ಸುತ್ತಿದ್ದ ಕಾಗದ ಬಿಚ್ಚಿ ಓದಿ ಮತ್ತೆ ಸುತ್ತುತ್ತಿದ್ದರು; ಮಡಿಕೆ ಬೇರೆಯಾಗಿರುತ್ತಿದ್ದರಿಂದ ನನಗೆ ತಿಳಿಯುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ.

"ಓದ್ತೀನಿ ಅಕ್ಕೋರೆ, ಸುಳ್ಳು ಎಂತಕ್ಕೆ? ನೀವು ಮೂರ್ ಜನ ಮುನ್ನೂರು ಪುಟ ಓದಿ ಎಂಟು ಸಾಲು ಮಾಡಿ ಕೊಡ್ತೀರಿ. ನಂಗೆ ಅಷ್ಟು ಸಾಕು."

ಆ ಕಾದಂಬರಿ ನನ್ನ ಕೈಗೆ ಬಂದದ್ದು ಆಗಸ್ಟಿನಲ್ಲಿ, ಊರಿನ ವಾಚನಾಲಯದಿಂದ. ಗಂಡನ ಮನೆ ಬಿಟ್ಟುಹೋದ ಹೆಂಗಸೊಬ್ಬಳ ಕಥೆ. ಹನ್ನೆರಡು ವರ್ಷ ಬೇರೆ ಊರಿನಲ್ಲಿ ಹೊಲಿಗೆ ಹಾಕಿ ಬದುಕಿ, ಕೊನೆಗೆ ಒಂದು ಸಂಜೆ ಆ ಮನೆಗೆ ಬರುತ್ತಾಳೆ. ಬೇಲಿಯ ದಣಪೆ ದಾಟಿ ಅಂಗಳದಲ್ಲಿ ನಿಲ್ಲುತ್ತಾಳೆ. ಒಳಗೆ ಯಾರೋ ಕೆಮ್ಮುತ್ತಾರೆ. ಅಲ್ಲಿಗೆ ಪುಟ ಮುಗಿಯಿತು. ಮಗುಚಿದರೆ ಬಿಳಿ ಹಾಳೆ, ಅದರಾಚೆ ರಟ್ಟು.

ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಅವಳು ಒಳಗೆ ಹೋದಳೋ, ತಿರುಗಿ ಹೊರಟಳೋ? ಕೆಮ್ಮಿದವರು ಯಾರು? ಹೇಳದೆ ಬಿಡುವ ಲೇಖಕರನ್ನು ನಾನು ಅದೇ ಮೊದಲು ನೋಡಿದ್ದು. ನಾಲ್ಕು ದಿನ, ಮುನ್ನೂರ ನಾಲ್ಕು ಪುಟ, ಒಂಬತ್ತೂವರೆ ಅಂಕ. ಅಲ್ಲಿಯವರೆಗೆ ನಾನು ಎಂಟರ ಮೇಲೆ ಕೊಟ್ಟವಳಲ್ಲ. ಅಭಿಪ್ರಾಯದಲ್ಲಿ, ನಿಯಮ ಮೀರದಂತೆ, ಹೀಗೆ ಬರೆದೆ: "ಕೊನೆಯ ಬಗ್ಗೆ ಹೇಳುವಂತಿಲ್ಲ. ಆದರೆ ಅಲ್ಲಿ ಲೇಖಕರು ತೋರಿದ ಸಂಯಮ, ಆ ಮೌನ, ನಮ್ಮಲ್ಲಿ ಎಷ್ಟು ಜನಕ್ಕೆ ಸಾಧ್ಯ?"

ಮೇಷ್ಟರು ನನ್ನ ಒಂಬತ್ತೂವರೆ ನೋಡಿ ಬೆರಗಾಗಿ, ತಮ್ಮ ಶಾಲೆಯ ಹೆಡ್‌ಮಾಸ್ಟರರ ಪ್ರತಿಯನ್ನು ತಂದು ಓದಿದರು. ಸೆಪ್ಟೆಂಬರಿನ ಪಟ್ಟಿಯಲ್ಲಿ ಆರು ಅಂಕ ಕೊಟ್ಟಿದ್ದರು. "ನಡುಭಾಗ ಸೊಗಸಾಗಿದೆ. ಸಾಗರ ಕಂಡ ಮೌನ ನನಗೆ ಕಾಣಲಿಲ್ಲ. ತಪ್ಪು ನನ್ನದಿರಬಹುದು, ಇನ್ನೊಮ್ಮೆ ಓದುತ್ತೇನೆ." ಅದರ ಕೆಳಗೆ, ಅದೇ ತಿಂಗಳು, ತೀರ್ಥಹಳ್ಳಿಯ ಅಬ್ಬರ: "ಸ್ವಂತಕ್ಕೆ ಹೊಸ ಪ್ರತಿ ತರಿಸಿ ಓದಿದೆ. ನಾನು ಸಾಗರದ ಪಕ್ಷ. ಆ ಮೌನಕ್ಕೆ ಕೈಮುಗಿದು ಅರ್ಧ ಗಂಟೆ ಔಷಧಿ ಕಲಸದೆ ಕೂತುಬಿಟ್ಟೆ, ರೋಗಿಗಳು ಬೈದರು. ಹೊಸನಗರ ಕನ್ನಡಕದ ನಂಬರು ಬದಲಿಸಿಕೊಳ್ಳಲಿ." ಅಂಕ ಒಂಬತ್ತೂವರೆ.

ಎರಡಕ್ಕೆ ಒಂದು. ಆ ಸಂಜೆ ಡೈರಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದೇನೆ: "ನನ್ನ ಅಭಿಪ್ರಾಯ ಗೆದ್ದಿತು." ನನಗಾಗ ಇಪ್ಪತ್ತೊಂದು. ಮನೆಗೆ ಬರುವ ನೆಂಟರು ನನ್ನನ್ನು ಕೇಳುತ್ತಿದ್ದದ್ದು ಜಾತಕ ಎಲ್ಲಿಗೆಲ್ಲ ಹೋಗಿದೆ ಎಂದು. ಶಾಲೆಯಲ್ಲಿ ಕೇಳುತ್ತಿದ್ದದ್ದು ಹಾಜರಿ. ಒಂದು ಪುಸ್ತಕ ಹೇಗಿದೆ ಎಂದು ಕೇಳಿ, ನಾನು ಹೇಳಿದ್ದಕ್ಕಾಗಿ ಐವತ್ತು ದಾಟಿದವರೊಬ್ಬರು ಅದನ್ನು ಎರಡನೇ ಸಲ ಓದುವುದೆಂದರೆ ಸಣ್ಣ ಮಾತಾಗಿರಲಿಲ್ಲ.

ಅಕ್ಟೋಬರಿನಲ್ಲಿ ಮೇಷ್ಟರು ಬರೆದರು: "ಎರಡನೇ ಓದು. ಕಾಣಲಿಲ್ಲ." ನವೆಂಬರಿನಲ್ಲಿ: "ಮೂರನೇ ಓದು. ಇಬ್ಬರಿಗೆ ಕಂಡದ್ದು ನನಗೆ ಮೂರು ಸಲಕ್ಕೂ ಕಾಣದಿದ್ದರೆ ಲೇಖಕರನ್ನು ದೂರಿ ಫಲವಿಲ್ಲ. ಮೂವತ್ತು ವರ್ಷ ಓದಿದೆ ಅಂದುಕೊಂಡಿದ್ದೆ. ನನ್ನ ರುಚಿ ಕೆಟ್ಟಿದೆ. ಡಿಸೆಂಬರಿಗೆ ನನ್ನ ಕಾಲಂ ಮುಚ್ಚಿ. ನೋಟುಬುಕ್ಕು ನಿಮ್ಮಿಬ್ಬರಿಗೂ ಸುತ್ತುತ್ತಿರಲಿ."

ಅದು ತಿರುಗಿ ಸಾಗರಕ್ಕೆ ಬಂದದ್ದು ನವೆಂಬರ್ ಮೂವತ್ತಕ್ಕೆ. ಕಂಡಕ್ಟರರು ನೋಟುಬುಕ್ಕನ್ನು ಕೊಟ್ಟು ಹೋಗದೆ ನಿಂತೇ ಇದ್ದರು.

"ಓದಿ ಅಕ್ಕೋರೆ. ಮೇಷ್ಟ್ರು ಭಾರಿ ಸೋತುಹೋಗಿದಾರೆ. ಶನಿವಾರ ಮಕ್ಕಳಿಗೆ ಕಥೆ ಓದ್ತಿದ್ರಲ್ಲ, ಅದನ್ನೂ ಬಿಟ್ಟಿದಾರಂತೆ. ನನ್ನ ತಂಗಿ ಮಗ ಅಲ್ಲೇ ಓದೋದು. ಈಗ ಶನಿವಾರಾನೂ ಮಗ್ಗಿ ಹೇಳಿಸ್ತಾರಂತೆ."

ನನಗೆ ಕನಿಕರವಾಯಿತು. ಅದು ಯಾವ ಬಗೆಯ ಕನಿಕರ ಎಂದರೆ, ಡಿಸೆಂಬರ್ ಒಂದರಂದು ನೋಟುಬುಕ್ಕಿನ ಜೊತೆಗೆ ಪ್ರತ್ಯೇಕವಾಗಿ ಎರಡು ಹಾಳೆ ಇಟ್ಟು ಕಳಿಸಿದೆ. ಮೌನವನ್ನು ಓದುವುದು ಹೇಗೆ ಎಂಬ ಬಗ್ಗೆ ಅದರಲ್ಲಿ ಏಳು ಅಂಶಗಳಿದ್ದವು. ನಾಲ್ಕನೆಯದು: "ಹೇಳಿದ್ದನ್ನು ನೋಡಬೇಡಿ, ಹೇಳದೆ ಇರುವುದನ್ನು ನೋಡಿ." ಕೊನೆ ಹೇಳಕೂಡದು ಎಂಬ ನಿಯಮವಿಲ್ಲದಿದ್ದರೆ ಅಂಗಳ, ಕೆಮ್ಮು ಎಂಬ ಎರಡು ಪದ ಸಾಕಾಗಿತ್ತು. ನಿಯಮ ಇತ್ತು, ನಾನು ನಿಯಮ ಮೀರುವವಳಲ್ಲ.

ಪ್ರತಿ ತಿಂಗಳೂ ಮೂವರ ಅಂಕಿಗಳನ್ನು ನಾನು ಡೈರಿಗೆ ಇಳಿಸಿಕೊಳ್ಳುತ್ತಿದ್ದೆ. ಡಿಸೆಂಬರ್ ಹದಿನೈದರಂದು ಹನ್ನೊಂದು ತಿಂಗಳ ಮೊತ್ತ ಹಾಕಲು ಕುಳಿತೆ. ಒಂದೇ ಪುಸ್ತಕವನ್ನು ಮೂವರೂ ಓದಿದ್ದರೆ ಅಕ್ಕಪಕ್ಕ ಬರೆದು ತಾಳೆ ನೋಡುವುದು ಕ್ರಮ. ಆ ಕಾದಂಬರಿಯ ಸಾಲಿಗೆ ಬಂದೆ. ಸಾಗರ, ಮುನ್ನೂರ ನಾಲ್ಕು. ಹೊಸನಗರ, ಮುನ್ನೂರ ಇಪ್ಪತ್ತು. ತೀರ್ಥಹಳ್ಳಿ, ಮುನ್ನೂರ ನಾಲ್ಕು. ಅಷ್ಟು ದಿನ ಮೇಷ್ಟರ ಆರು ಅಂಕವನ್ನೇ ನೋಡುತ್ತಿದ್ದವಳಿಗೆ ಪಕ್ಕದಲ್ಲೇ ಇದ್ದ ಪುಟಸಂಖ್ಯೆಯ ಕಾಲಂ ಕಂಡಿರಲಿಲ್ಲ.

ಆಗಲೂ ನನ್ನ ತಲೆಗೆ ಹೊಳೆದದ್ದು ಮೇಷ್ಟರದೇ ತಪ್ಪು ಎಂದು. ಎರಡಕ್ಕೆ ಒಂದು! ಪಾಪ, ಎಣಿಕೆಯಲ್ಲೂ ತಪ್ಪುತ್ತಿದ್ದಾರೆ ಎಂದುಕೊಂಡು, "ದಯವಿಟ್ಟು ಪುಟಸಂಖ್ಯೆ ಮತ್ತೊಮ್ಮೆ ಪರಿಶೀಲಿಸಿ" ಎಂದು ಚೀಟಿ ಬರೆದು ಕಳಿಸಿದೆ.

ಹದಿನೆಂಟು, ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೋದರೆ ಕಂಡಕ್ಟರರು ಪೊಟ್ಟಣ ಕೊಟ್ಟರು. ಮೇಷ್ಟರು ಪುಸ್ತಕವನ್ನೇ ಕಳಿಸಿದ್ದರು. ಒಳಗೊಂದು ಚೀಟಿ: "ಮುನ್ನೂರ ಇಪ್ಪತ್ತೇ ಅಂತ ತೋರುತ್ತದೆ. ನನ್ನ ಎಣಿಕೆಯನ್ನೂ ನಂಬುವಂತಿಲ್ಲವಾದ್ದರಿಂದ ನೀವೇ ನೋಡಿ. ಇಪ್ಪತ್ತಾರನೇ ಭಾನುವಾರ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ಕಾಲಂ ಮುಚ್ಚುವ ನೆಪದಲ್ಲಾದರೂ ಒಮ್ಮೆ ಕೂತು ಮಾತಾಡೋಣ."

ಕೊನೆಯ ಪುಟ ತೆಗೆದೆ. ಮುನ್ನೂರ ಇಪ್ಪತ್ತು. ಮುನ್ನೂರ ನಾಲ್ಕು ತೆಗೆದೆ. ಅಂಗಳ, ಕೆಮ್ಮು. ಮಗುಚಿದೆ. ಮುನ್ನೂರ ಐದು ಇತ್ತು.

ಟಿಕೆಟ್ ಕೊಡುವ ಕಿಂಡಿಯ ಪಕ್ಕದ ಬೆಂಚಿನಲ್ಲೇ ಕುಳಿತು ಹದಿನಾರು ಪುಟ ಓದಿದೆ. ಕೆಮ್ಮಿದವನು ಸೋದರಮಾವ. ಅವನು ಹೊರಗೆ ಬಂದು ಎರಡೂವರೆ ಪುಟ ಮಾತಾಡುತ್ತಾನೆ. ಗಂಡ ಕಾಲಿಗೆ ಬೀಳುತ್ತಾನೆ. ಅತ್ತೆ ಪಶ್ಚಾತ್ತಾಪ ಪಡುತ್ತಾಳೆ, ಒಂದು ಪುಟ. ಐದು ವರ್ಷದಿಂದ ಮಾತು ನಿಂತಿದ್ದ ಅಜ್ಜಿಗೆ ಮಾತು ಬರುತ್ತದೆ. ಬಂದ ಮೇಲೆ ಆಕೆಯೂ ನಿಲ್ಲಿಸುವುದಿಲ್ಲ. ನಾದಿನಿಯ ಮದುವೆ ಗೊತ್ತಾಗುತ್ತದೆ. ಎರಡನೇ ಅಧ್ಯಾಯದಲ್ಲಿ ಕಳೆದುಹೋಗಿದ್ದ ಹಸು ಕರುವಿನ ಸಮೇತ ಕೊಟ್ಟಿಗೆಗೆ ಬರುತ್ತದೆ. ಮೌನ ಹಾಗಿರಲಿ, ಆ ಹದಿನಾರು ಪುಟದಲ್ಲಿ ಉಸಿರು ಬಿಡಲೂ ಜಾಗವಿರಲಿಲ್ಲ.

ಅಂಚಿನಲ್ಲಿ ಮೇಷ್ಟರ ಪೆನ್ಸಿಲ್ ಗುರುತುಗಳಿದ್ದವು. ಸೋದರಮಾವನ ಭಾಷಣದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಇಲ್ಲಿ ಮೌನವೇ?" ಅಜ್ಜಿಯ ಪಕ್ಕದಲ್ಲಿ, "ಅಥವಾ ಇಲ್ಲಿ?" ಹಸುವಿನ ಪಕ್ಕದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ, ಅದನ್ನು ಎರಡು ಸಲ ತಿದ್ದಿತ್ತು.

"ಎಂತಾಯ್ತು ಅಕ್ಕೋರೆ? ಯಾರಾದ್ರೂ ಸತ್ರಾ?" ಕಂಡಕ್ಟರರು ಕೇಳಿದರು.

"ಇಲ್ಲ. ಎಲ್ರೂ ಚೆನ್ನಾಗಿದಾರೆ. ಅದೇ ತೊಂದ್ರೆ."

ವಾಚನಾಲಯಕ್ಕೆ ಹೋಗಿ ನಾನು ಓದಿದ್ದ ಪ್ರತಿಯನ್ನು ಮತ್ತೆ ತಂದೆ. ಹಳೆಯ ಹೊಲಿಗೆ ಬಿಚ್ಚಿಹೋದದ್ದಕ್ಕೆ ಯಾರೋ ಹೊಸದಾಗಿ ಬೈಂಡು ಮಾಡಿದ್ದರು. ಕೊನೆಯ ಹದಿನಾರು ಪುಟದ ಕಟ್ಟನ್ನು ಹೊಲಿಯುವುದಕ್ಕೆ ಮರೆತು, ಒಂದು ಬಿಳಿ ಹಾಳೆ ಅಂಟಿಸಿ, ಗಟ್ಟಿ ರಟ್ಟು ಹಾಕಿ ಮುಗಿಸಿದ್ದರು. ಕೆಲಸ ಬಲು ನಾಜೂಕು. ನಾನು ಒಂಬತ್ತೂವರೆ ಕೊಟ್ಟದ್ದು ಆ ಮರೆವಿಗೆ.

ಆಮೇಲೆ ನೆನಪಾದದ್ದು ತೀರ್ಥಹಳ್ಳಿ. ಕಂಪೌಂಡರು ಸ್ವಂತ ಪ್ರತಿ, ಹೊಸದು, ತರಿಸಿದ್ದೇನೆ ಎಂದಿದ್ದರು. ಹೊಸ ಪುಸ್ತಕಕ್ಕೆ ಮುನ್ನೂರ ನಾಲ್ಕು ಪುಟ ಹೇಗೆ ಬರುತ್ತದೆ? ನನ್ನ ಕಾಲಮ್ಮಿನಿಂದ ಬರುತ್ತದೆ. ನಾನು ಒಪ್ಪಿಕೊಂಡರೆ ಅವರೂ ಸಿಕ್ಕಿಬೀಳುತ್ತಾರೆ.

ಒಂದು ವಾರ ಯೋಚಿಸಿದೆ. ಡೈರಿಯಲ್ಲಿ 'ಹೇಳಿದರೆ', 'ಹೇಳದಿದ್ದರೆ' ಎಂದು ಎರಡು ಕಾಲಂ ಎಳೆದೆ. ಹೇಳಿದರೆ ಆಗುವ ನಷ್ಟಗಳು ಆರು: ನಗೆಪಾಟಲು, ಏಳು ಅಂಶಗಳ ಆ ಹಾಳೆ, ಕಂಪೌಂಡರ ಮುನಿಸು, ಮುಂದೆ ನನ್ನ ಅಂಕಗಳನ್ನು ಯಾರೂ ನಂಬದಿರುವುದು, ಹೀಗೆ. ಹೇಳದಿದ್ದರೆ ಎಂಬ ಕಡೆ ಒಂದೇ ಬಾಬು ಇತ್ತು, ಮೇಷ್ಟರು. ಆರು ದೊಡ್ಡದೋ ಒಂದು ದೊಡ್ಡದೋ ಎಂದು ತಿಳಿಯಲು ಕೂಡಿಸುವುದು ಕಳೆಯುವುದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಇಪ್ಪತ್ತಾರರ ಬೆಳಿಗ್ಗೆ ಎರಡೂ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಮೇಷ್ಟರ ಹೆಂಡತಿ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅಯ್ಯೋ, ಸಾಗರ ಅಂದ್ರೆ ನೀನೇನಾ ತಂಗಿ? ಇವ್ರು ಸಾಗರ ಹೀಗಂದ್ರು, ಸಾಗರ ಹಾಗಂದ್ರು ಅನ್ನೋದು ಕೇಳಿ ನಾನು ಯಾರೋ ಕೋಟು ಹಾಕ್ಕೊಂಡಿರೋ ಮುದುಕರು ಅಂದ್ಕೊಂಡಿದ್ದೆ. ಬಾ ಒಳಗೆ. ನಿನ್ನಿಂದ ಇವ್ರು ಮೂರು ತಿಂಗಳಿಂದ ಸರಿಯಾಗಿ ಉಣ್ತಾ ಇಲ್ಲ."

ಕಂಪೌಂಡರು ಆಗಲೇ ಬಂದು ಜಗಲಿಯಲ್ಲಿ ಕುಳಿತಿದ್ದರು. ಉಡುಗೊರೆಗೆಂದು ತಮ್ಮ ಪ್ರತಿಯನ್ನೇ ಕಾಗದದಲ್ಲಿ ಸುತ್ತಿ ತಂದಿದ್ದರು. ಮೇಷ್ಟರು ನಕ್ಕು ಬರಮಾಡಿಕೊಂಡರು. ಮುಖದಲ್ಲಿ ಮಾತ್ರ, ಹರಾಜಿಗೆ ಹೋಗುವ ಎತ್ತನ್ನು ಕೊನೆಯ ಸಲ ತಡವುವವರ ಕಳೆ ಇತ್ತು. ಕಂಪೌಂಡರು ಜೊತೆಗೆ ತಂದಿದ್ದ ನೋಟುಬುಕ್ಕು ಎದುರಿಗಿತ್ತು, ಪಕ್ಕದಲ್ಲಿ ಸ್ಕೇಲು, ಕೆಂಪು ಮಸಿ.

"ಬೇಜಾರು ಮಾಡ್ಕೋಬೇಡ ಮಾರಾಯ," ಕಂಪೌಂಡರು ಗೆಳೆಯನ ತೊಡೆ ತಟ್ಟಿದರು. "ಎಲ್ರಿಗೂ ಎಲ್ಲಾ ಕಾಣ್ತದಾ? ಆ ಮೌನ ಉಂಟಲ್ಲ, ಅದು ಹಂಗೆಲ್ಲ ಸಿಕ್ಕೂದಲ್ಲ."

ಇನ್ನು ತಡೆದರೆ ಅವರು ಇನ್ನಷ್ಟು ಆಳಕ್ಕೆ ಇಳಿಯುತ್ತಾರೆ ಎನ್ನಿಸಿತು.

"ಮೇಷ್ಟ್ರೇ, ನಾನು ಓದಿದ ಪುಸ್ತಕದಲ್ಲಿ ಕೊನೆಯ ಹದಿನಾರು ಪುಟ ಇರಲಿಲ್ಲ."

"ಅದೇ ನಾನೂ ಹೇಳೂದು!" ಕಂಪೌಂಡರು ಕೈಯೆತ್ತಿದರು. "ಇಲ್ದೇ ಇರೋದ್ರಲ್ಲೇ ಇರೋದು ಮಜಾ!"

"ಅಲ್ಲ. ನಿಜವಾಗಿ ಇರಲಿಲ್ಲ. ಹೊಲಿಯೋದಕ್ಕೆ ಮರ್ತಿದಾರೆ." ಎರಡೂ ಪುಸ್ತಕಗಳನ್ನು ತೆಗೆದು ಮೇಷ್ಟರ ಮುಂದಿಟ್ಟೆ. "ನಂಗೆ ಸೋದರಮಾವ ಗೊತ್ತೇ ಇರಲಿಲ್ಲ. ಹೋದ ಶನಿವಾರ ಪರಿಚಯ ಆಯ್ತು."

ಮೇಷ್ಟರು ನನ್ನ ಪ್ರತಿಯ ಕೊನೆ ತೆಗೆದು ಬಿಳಿ ಹಾಳೆಯ ಮೇಲೆ ಬೆರಳಾಡಿಸಿದರು. ಬೆನ್ನು ಬಗ್ಗಿಸಿ ಹೊಲಿಗೆ ನೋಡಿದರು. ತಮ್ಮದನ್ನು ತೆರೆದು ಪಕ್ಕದಲ್ಲಿಟ್ಟರು. ಎಷ್ಟು ಹೊತ್ತು ಎಂದು ನಾನು ಲೆಕ್ಕ ಇಡಲಿಲ್ಲ.

"ಹಾಗಾದ್ರೆ ನನ್ನ ಕಣ್ಣು..." ಎಂದರು.

"ನಿಮ್ಮ ಕಣ್ಣು ಸರಿಯಾಗಿದೆ. ಆರು ಅಂಕಾನೂ ಜಾಸ್ತಿನೇ ಆಯ್ತು."

"ಮೂರು ಸಲ ತಂಗಿ! ಆ ಮಾವನ ಭಾಷಣಾನ ಮೂರು ಸಲ ಓದಿದೀನಿ. ಅದ್ರೊಳಗೆ ಮೌನ ಎಲ್ಲಿ ಅಡಗಿದೆ ಅಂತ. ನಿನ್ನ ಏಳು ಅಂಶ ಬಂದ ಮೇಲೆ ಹಸುವಿನ ಹತ್ರಾನೂ ಹುಡುಕಿದೆ."

"ಕ್ಷಮಿಸಿ ಮೇಷ್ಟ್ರೇ."

"ಸಿಟ್ಟು ಬರ್ಬೇಕಿತ್ತು. ಬರ್ತಾನೇ ಇಲ್ಲ ಎಂತಕೋ," ಎಂದವರು ಥಟ್ಟನೆ ಗೆಳೆಯನ ಕಡೆ ತಿರುಗಿದರು. "ಲೋ, ನಿನಗೆ ಯಾವ ಮೌನವೋ ಕಂಡಿದ್ದು?"

ಕಂಪೌಂಡರು ಎಲೆಯಡಿಕೆ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದ್ದರು. ಮೇಷ್ಟರು ಉಡುಗೊರೆಯ ಕಾಗದ ಬಿಚ್ಚಿದರು. ಹೊಸ ಪುಸ್ತಕ, ಮಸಿಯ ವಾಸನೆ ಹೋಗಿರಲಿಲ್ಲ. ಅಚ್ಚಿನವರ ಕತ್ತರಿ ಕೊನೆಯ ಕಟ್ಟಿಗೆ ತಾಗದೆ ಉಳಿದಿತ್ತು; ಪುಟಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಬೆರಳು ತೂರಿಸಿದರೂ ಒಳಗಿನ ಸಾಲು ಓದಲಾಗದು.

"ಇದನ್ನ ಹೇಗೋ ಓದಿದೆ? ಎಕ್ಸ್‌ರೇ ತೆಗ್ದಾ?"

"ಆ ತಿಂಗಳು ಭಾರಿ ಜ್ವರದ ಕೇಸು ಮಾರಾಯ," ಕಂಪೌಂಡರು ನನ್ನ ಕಡೆ ನೋಡದೆ ಹೇಳಿದರು. "ಸಾಗರ ಅಷ್ಟು ಚಂದ ಬರ್ದಿತ್ತು. ನಾನು ಓದಿ ಬೇರೆ ಎಂತ ಹೇಳೂದು?"

ಒಳಗಿನಿಂದ ಮೇಷ್ಟರ ಹೆಂಡತಿಯ ನಗು ಮೊದಲು ಕೇಳಿತು. ಆಮೇಲೆ ಆಕೆ ತರಕಾರಿ ಹೆಚ್ಚುವ ಚಾಕು ಹಿಡಿದು ಬಂದು ಗಂಡನ ಕೈಗೆ ಕೊಟ್ಟರು. ಮೇಷ್ಟರು ಒಂದೊಂದೇ ಮಡಿಕೆ ಸೀಳಿ, ಚಾಕುವಿನ ಬೆನ್ನಿನಿಂದ ಒತ್ತಿ, ಪುಸ್ತಕವನ್ನು 'ತೀರ್ಥಹಳ್ಳಿ'ಯ ಮುಂದೆ ಹಿಡಿದರು.

"ಓದು. ಮುನ್ನೂರ ಐದರಿಂದ. ಗಟ್ಟಿಯಾಗಿ. ಒಂದು ಸಾಲು ಬಿಟ್ರೆ ಊಟ ಇಲ್ಲ."

ಕಂಪೌಂಡರು ಓದಿದರು. ಸೋದರಮಾವ ಬಾಯಿ ತೆರೆದಾಗ ಅವರಿಗೂ ಇನ್ನು ಇದು ಬೇಗ ಮುಗಿಯುವುದಿಲ್ಲ ಎಂದು ಅರ್ಥವಾಯಿತು. ಎರಡನೇ ಪುಟದಲ್ಲಿ ಮೇಷ್ಟರ ಭುಜ ಅಲುಗತೊಡಗಿತು. ಅಜ್ಜಿಗೆ ಮಾತು ಬಂದಾಗ ಮೇಷ್ಟರು ಕಂಬ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. ಹಸು ಬಂದಾಗ ಓದುವವರಿಗೇ ತಡೆಯಲಾಗಲಿಲ್ಲ. "ಕರು ಬೇರೆ ಉಂಟು ಮಾರಾಯ್ರೆ!" ಎಂದು ಪುಸ್ತಕದಿಂದ ಮುಖ ಮುಚ್ಚಿಕೊಂಡರು.

ಊಟಕ್ಕೆ ಕೆಸುವಿನ ದಂಟಿನ ಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಮೇಷ್ಟರು ಮೂರು ಸಲ ಅನ್ನ ಹಾಕಿಸಿಕೊಂಡರು. ಇದನ್ನು ಎಣಿಸಿದ್ದು ನಾನಲ್ಲ, ಅವರ ಹೆಂಡತಿ. ಊಟವಾದ ಮೇಲೆ ನಾನು ಸ್ಕೇಲು ಕೈಗೆ ತೆಗೆದುಕೊಂಡು ಕೇಳಿದೆ. "ಕಾಲಂ ಮುಚ್ಚಬೇಕಾ ಮೇಷ್ಟ್ರೇ?"

ಅವರು ನನ್ನ ಕೈಯಿಂದ ಸ್ಕೇಲು ತೆಗೆದು ಪಕ್ಕಕ್ಕಿಟ್ಟರು. ನನ್ನ ಚೀಲದ ಕಡೆ ಕೈಚಾಚಿದರು. "ಆ ಮೊಂಡು ಪ್ರತಿ ಕೊಡು ಇಲ್ಲಿ."

"ಮೂರು ಸಲ ಓದಿದೀರಲ್ಲ!"

"ಇದನ್ನ ಎಲ್ಲಿ ಓದಿದೀನಿ? ನಾನು ಓದಿದ್ದು ಹಸು ವಾಪಸ್ ಬರೋ ಪುಸ್ತಕ. ನೀನು ಓದಿದ್ದು ಬೇರೆ. ಅದು ಒಳ್ಳೇದಿರಬಹುದು."

"ಮೂವತ್ತನೇ ತಾರೀಕು ವಾಚನಾಲಯಕ್ಕೆ ಕೊಡಬೇಕು."

"ಇವತ್ತು ಇಪ್ಪತ್ತಾರು," ಎಂದು ಅವರು ಕಂಬಕ್ಕೆ ಒರಗಿ, ಕನ್ನಡಕ ಒರೆಸಿಕೊಂಡು, ಮೊದಲ ಪುಟ ತೆಗೆದರು.

ನಾವು ಒಂದಿಷ್ಟು ಹೊತ್ತು ಮಾತಾಡಿದೆವು, ಅಂದರೆ ಕಂಪೌಂಡರು, ಮೇಷ್ಟರ ಹೆಂಡತಿ ಮತ್ತು ನಾನು. ತೀರ್ಥಹಳ್ಳಿಯ ಸೆಪ್ಟೆಂಬರಿನ ಒಂಬತ್ತೂವರೆಯನ್ನು ನಾನು ಕಂಪೌಂಡರ ಎದುರಿಗೇ ಕೆಂಪು ಮಸಿಯಲ್ಲಿ ಹೊಡೆದುಹಾಕಿದೆ. ಅವರು ಚೌಕಾಶಿ ಮಾಡಿ ನೋಡಿದರು. ಗಟ್ಟಿಯಾಗಿ ಓದಿದ್ದಕ್ಕೆ ಹದಿನಾರು ಪುಟವನ್ನಾದರೂ ಡಿಸೆಂಬರಿಗೆ ಸೇರಿಸು ಎಂದರು. ನ್ಯಾಯವಾದ ಬೇಡಿಕೆ, ಸೇರಿಸಿದೆ.

ನಾಲ್ಕೂಕಾಲಕ್ಕೆ ನಮ್ಮ ನಮ್ಮ ಊರಿನ ಬಸ್ಸಿಗೆ ಎದ್ದೆವು. "ಬರ್ತೀವಿ ಮೇಷ್ಟ್ರೇ," ಎಂದೆ. ಅವರು ತಲೆ ಎತ್ತದೆ ಎಡಗೈಯ ಒಂದು ಬೆರಳು ಎತ್ತಿದರು, ಸ್ವಲ್ಪ ತಾಳಿ ಎಂಬಂತೆ. ತಾಳಿದೆವು. ಅವರು ಪುಟ ಮಗುಚಿದರು, ಬೆರಳು ಇಳಿಯಿತು. ನಾವು ನಿಂತಿರುವುದು ಮರೆತೇಹೋಗಿತ್ತು.

"ಎಷ್ಟನೇ ಪುಟ?" ಕಂಪೌಂಡರು ನನ್ನ ಕಿವಿಯಲ್ಲಿ ಕೇಳಿದರು.

ಬಗ್ಗಿ ನೋಡಿದೆ. ಎಪ್ಪತ್ತೊಂದು.